ಗಾಂಜಾ ಮದ್ದಾದಾಗ: ಅಂಗಡಿಗೆ ಎಷ್ಟು ಕಡಿವಾಣ, ರೋಗಿಗೆ ಎಷ್ಟು ದಾರಿ?

ನಿಮ್ಮ ಕುಟುಂಬದ ವಾಟ್ಸ್ಆ್ಯಪ್ ಗುಂಪಿಗೂ ಈ ಸಂದೇಶ ಬಂದಿರಬಹುದು: "ಅಮೆರಿಕದಲ್ಲಿ ಡಾಕ್ಟರರೇ ಗಾಂಜಾ ಬರೆದುಕೊಡುತ್ತಾರೆ. ಅದರ ಎಣ್ಣೆಯಿಂದ ಕ್ಯಾನ್ಸರ್ ಗುಣವಾಗುತ್ತದೆ. ಔಷಧ ಕಂಪೆನಿಗಳು ಈ ಸತ್ಯವನ್ನು ಮುಚ್ಚಿಟ್ಟಿವೆ." ಕೆಳಗೊಂದು ಮೊಬೈಲ್ ನಂಬರ್, ಬಾಟಲಿಗೆ ಇಷ್ಟು ಸಾವಿರ ಎಂಬ ದರ. ಮನೆಯಲ್ಲಿ ಕೀಮೋ ಪಡೆಯುತ್ತಿರುವ ತಾಯಿಯೋ ಪದೇ ಪದೇ ಫಿಟ್ಸ್ ಬರುವ ಮಗುವೋ ಇದ್ದರೆ ಇಂಥ ಸಂದೇಶವನ್ನು ಸುಮ್ಮನೆ ಅಳಿಸಿಬಿಡಲು ಮನಸ್ಸಾಗುವುದಿಲ್ಲ. ಕಷ್ಟದಲ್ಲಿರುವವರು ಯಾವ ಬಾಗಿಲನ್ನಾದರೂ ಒಮ್ಮೆ ತಟ್ಟಿ ನೋಡುತ್ತಾರೆ.

ಈ ಸಂದೇಶದಲ್ಲಿ ಸ್ವಲ್ಪ ನಿಜವಿದೆ, ಬಹಳಷ್ಟು ಸುಳ್ಳಿದೆ. ಅಮೆರಿಕದ ಬಹುತೇಕ ರಾಜ್ಯಗಳಲ್ಲಿ ರೋಗಿಗಳಿಗೆ ಗಾಂಜಾ ಸಿಗುತ್ತದೆ ಎಂಬುದು ನಿಜ. ಆದರೆ ಅಲ್ಲಿನ ವೈದ್ಯರು ಅದನ್ನು ಬೇರೆ ಮದ್ದಿನಂತೆ ಚೀಟಿಯಲ್ಲಿ ಬರೆದುಕೊಡುವುದಿಲ್ಲ, ಅದನ್ನು ಮಾರುವ ಅಂಗಡಿಯೂ ನಮ್ಮ ಮೆಡಿಕಲ್ ಶಾಪಿನಂಥದ್ದಲ್ಲ. ಈ ಅಂಗಡಿಗಳನ್ನೂ ರೋಗಿಗಳನ್ನೂ ಸರಕಾರ ಎಷ್ಟು ಬಿಗಿಯಾಗಿ ನಿಯಂತ್ರಿಸಬೇಕು ಎಂಬ ಜಗಳ 1996ರಿಂದ ಇಂದಿನವರೆಗೂ ಮುಗಿದಿಲ್ಲ. ಆ ಜಗಳ ಏನೆಂದು ತಿಳಿದರೆ ನಿಮ್ಮ ಮೊಬೈಲಿಗೆ ಬರುವ ಸಂದೇಶವನ್ನು ತೂಗಿ ನೋಡುವುದು ಸುಲಭ.

ಗಿಡದೊಳಗೆ ಏನಿದೆ?

ಗಾಂಜಾ, ಚರಸ್, ಭಂಗಿ ಮೂರೂ ಒಂದೇ ಗಿಡದವು. ಹೂವಿನ ತುದಿ ಗಾಂಜಾ, ಅದರ ಅಂಟು ಚರಸ್, ಎಲೆಯಿಂದ ಮಾಡುವುದು ಭಂಗಿ. ಗಿಡದಲ್ಲಿ ನೂರಕ್ಕೂ ಹೆಚ್ಚು ವಿಶೇಷ ರಾಸಾಯನಿಕಗಳಿದ್ದು, ನಾವು ನೆನಪಿಡಬೇಕಾದವು ಎರಡು. ಒಂದು ಟಿಎಚ್‌ಸಿ, ಅಮಲು ಬರುವುದು ಇದರಿಂದ. ಇನ್ನೊಂದು ಸಿಬಿಡಿ, ಇದರಿಂದ ಅಮಲೇರುವುದಿಲ್ಲ, ಆದರೆ ದೇಹದ ಮೇಲೆ ಪರಿಣಾಮ ಆಗುತ್ತದೆ. ಟಿಎಚ್‌ಸಿಯ ರಚನೆಯನ್ನು 1964ರಲ್ಲಿ ಗುರುತಿಸಲಾಯಿತು. ಇದು ಬಂದು ಕೂರುವ ಗ್ರಾಹಕಗಳು ನಮ್ಮ ಮಿದುಳಿನಲ್ಲೇ ಇವೆ, ಅವುಗಳಿಗಾಗಿ ದೇಹ ತಾನೇ ಒಂದು ವಸ್ತುವನ್ನು ತಯಾರಿಸುತ್ತದೆ ಎಂಬುದು ಆಮೇಲೆ ತಿಳಿಯಿತು. 1992ರಲ್ಲಿ ಆ ವಸ್ತುವಿಗೆ ಸಂಸ್ಕೃತದ 'ಆನಂದ' ಪದದಿಂದ 'ಆನಂದಮೈಡ್' ಎಂದು ಹೆಸರಿಟ್ಟರು. ನೋವು, ಹಸಿವು, ವಾಂತಿ, ನೆನಪು, ಭಯ ಇವುಗಳನ್ನು ನಿಭಾಯಿಸುವ ಜಾಗಗಳಲ್ಲಿ ಈ ಗ್ರಾಹಕಗಳಿವೆ. ಆದ್ದರಿಂದಲೇ ಒಂದೇ ವಸ್ತು ಒಬ್ಬರಿಗೆ ವಾಂತಿ ನಿಲ್ಲಿಸಬಹುದು, ಇನ್ನೊಬ್ಬರಿಗೆ ವಿಪರೀತ ಭಯ ಹುಟ್ಟಿಸಬಹುದು.

ಪಾಶ್ಚಾತ್ಯ ವೈದ್ಯಲೋಕಕ್ಕೆ ಈ ಗಿಡ ಪರಿಚಯವಾದದ್ದು ಭಾರತದ ಮೂಲಕ. ಕಲ್ಕತ್ತದಲ್ಲಿ ಕೆಲಸ ಮಾಡುತ್ತಿದ್ದ ಐರಿಷ್ ವೈದ್ಯ ವಿಲಿಯಂ ಬ್ರೂಕ್ ಓ'ಶಾನೆಸಿ 1839ರಲ್ಲಿ ಇದರ ಬಗ್ಗೆ ಬರೆದರು. ಆ ಬಳಿಕ ಇದು ಯುರೋಪ್, ಅಮೆರಿಕಗಳ ಔಷಧ ಪಟ್ಟಿಗೂ ಸೇರಿತು. ಮುಂದೆ ಗಾಳಿ ತಿರುಗಿತು. 1937ರಲ್ಲಿ ಅಮೆರಿಕ ಭಾರೀ ತೆರಿಗೆ ಹಾಕಿತು, 1942ರಲ್ಲಿ ಅಧಿಕೃತ ಔಷಧ ಪಟ್ಟಿಯಿಂದ ತೆಗೆಯಿತು, 1970ರ ಕಾಯ್ದೆಯಲ್ಲಿ ಹೆರಾಯಿನ್ ಇರುವ ಒಂದನೇ ಪಟ್ಟಿಗೇ ಸೇರಿಸಿತು. 'ವೈದ್ಯಕೀಯ ಉಪಯೋಗವಿಲ್ಲ, ದುರ್ಬಳಕೆಯ ಅಪಾಯ ಹೆಚ್ಚು' ಎನ್ನುವುದೇ ಆ ಪಟ್ಟಿಯ ಅರ್ಥ.

ಏಡ್ಸ್ ವಾರ್ಡಿನಿಂದ ಮತಪೆಟ್ಟಿಗೆಗೆ

1980ರ ದಶಕದಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಏಡ್ಸ್ ಹಬ್ಬಿದಾಗ ಅದಕ್ಕೆ ಒಳ್ಳೆಯ ಮದ್ದು ಇರಲಿಲ್ಲ. ಊಟ ಸೇರದೆ, ತಿಂದದ್ದು ನಿಲ್ಲದೆ ಯುವಕರು ಎಲುಬಿನ ಗೂಡಾಗಿ ಸಾಯುತ್ತಿದ್ದರು. ಗಾಂಜಾ ಸೇವಿಸಿದರೆ ಒಂದಿಷ್ಟು ಹಸಿವಾಗುತ್ತದೆ ಎಂದು ಅವರಲ್ಲಿ ಹಲವರು ಕಂಡುಕೊಂಡರು. ಮೇರಿ ರಾತ್‌ಬನ್ ಎಂಬ ವೃದ್ಧೆ ಗಾಂಜಾ ಬೆರೆಸಿದ ಬ್ರೌನಿ ಕೇಕ್ ಮಾಡಿ ರೋಗಿಗಳಿಗೆ ಹಂಚಿ ಹಲವು ಬಾರಿ ಬಂಧನಕ್ಕೊಳಗಾದರು. ಡೆನಿಸ್ ಪೆರೊನ್ ಎಂಬವರು ರೋಗಿಗಳಿಗಾಗಿ ಕ್ಲಬ್ ತೆರೆದರು. ಈ ಜನರ ಚಳವಳಿಯ ಫಲವಾಗಿ 1996ರ ನವೆಂಬರಿನಲ್ಲಿ ಕ್ಯಾಲಿಫೋರ್ನಿಯಾ ಜನಮತಗಣನೆ ನಡೆಸಿತು. ಶೇಕಡಾ 55ಕ್ಕಿಂತ ಹೆಚ್ಚು ಮಂದಿ 'ಪ್ರೊಪೊಸಿಷನ್ 215'ಕ್ಕೆ ಹೌದು ಎಂದರು. ರೋಗಿಗಳಿಗೆ ಗಾಂಜಾ ಇಟ್ಟುಕೊಳ್ಳಲು ಬಿಟ್ಟ ಮೊದಲ ರಾಜ್ಯ ಅದಾಯಿತು.

ಆದರೆ ಆ ಕಾನೂನಿನಲ್ಲಿ ಎರಡು ದೊಡ್ಡ ತೂತುಗಳಿದ್ದವು. ಕ್ಯಾನ್ಸರ್, ಏಡ್ಸ್, ಗ್ಲಾಕೋಮಾ ಎಂದು ರೋಗಗಳ ಹೆಸರು ಹೇಳಿ, ಕೊನೆಗೆ 'ಗಾಂಜಾದಿಂದ ಉಪಶಮನ ಸಿಗುವ ಇತರ ಯಾವುದೇ ಕಾಯಿಲೆ' ಎಂದು ಸೇರಿಸಿದ್ದರು. ಇದು ಮೊದಲನೆಯದು. ಎರಡನೆಯದಾಗಿ, ರೋಗಿ ತಾನು ಬೆಳೆಸಬಹುದು, ಇಟ್ಟುಕೊಳ್ಳಬಹುದು ಎಂದರೇ ಹೊರತು ಎಲ್ಲಿಂದ ಕೊಳ್ಳಬೇಕು ಎಂದು ಹೇಳಲಿಲ್ಲ. ಕೀಮೋದಿಂದ ಬಳಲಿದವರು ಗಿಡ ನೆಟ್ಟು ನಾಲ್ಕು ತಿಂಗಳು ಕಾಯುತ್ತಾರೆಯೇ? ಹೀಗೆ 'ಡಿಸ್ಪೆನ್ಸರಿ' ಎಂಬ ಅಂಗಡಿ ಹುಟ್ಟಿತು. ಹುಟ್ಟಿಸಿದ್ದು ಕಾನೂನಲ್ಲ, ಕಾನೂನಿನ ಮೌನ.

ಡಿಸ್ಪೆನ್ಸರಿಯೆಂದರೆ ಮೆಡಿಕಲ್ ಶಾಪಲ್ಲ

ಹೆಸರು ಕೇಳಿ ನಮ್ಮ ಊರಿನ ಸರಕಾರಿ ಡಿಸ್ಪೆನ್ಸರಿಯನ್ನು ನೆನೆಯಬೇಡಿ. ಕೇಂದ್ರ ಸರಕಾರದ ಒಂದನೇ ಪಟ್ಟಿಯಲ್ಲಿರುವ ವಸ್ತುವನ್ನು ಅಮೆರಿಕದ ಯಾವ ವೈದ್ಯರೂ ಚೀಟಿಯಲ್ಲಿ ಬರೆಯುವಂತಿಲ್ಲ, ಫಾರ್ಮಸಿಗಳು ಇಡುವಂತಿಲ್ಲ. ವೈದ್ಯರು 'ಈ ರೋಗಿಗೆ ಇದರಿಂದ ಪ್ರಯೋಜನ ಆಗಬಹುದು' ಎಂದು ಶಿಫಾರಸು ಮಾತ್ರ ಮಾಡಬಹುದು. ಹಾಗೆ ಹೇಳಿದ ವೈದ್ಯರ ಪರವಾನಗಿಗೆ ಕೇಂದ್ರ ಸರಕಾರ ಕೈಹಾಕುವಂತಿಲ್ಲ ಎಂದು 2002ರಲ್ಲಿ ಅಲ್ಲಿನ ಒಂದು ಮೇಲ್ಮನವಿ ನ್ಯಾಯಾಲಯ ಹೇಳಿತು.

ಚೀಟಿಗೂ ಶಿಫಾರಸಿಗೂ ಬಹಳ ಅಂತರವಿದೆ. ಚೀಟಿಯಲ್ಲಿ ಮದ್ದಿನ ಹೆಸರು, ಪ್ರಮಾಣ, ಎಷ್ಟು ಹೊತ್ತಿಗೊಮ್ಮೆ, ಎಷ್ಟು ದಿನ ಎಲ್ಲವೂ ಇರುತ್ತದೆ. ಶಿಫಾರಸಿನಲ್ಲಿ ಅದಾವುದೂ ಕಡ್ಡಾಯವಲ್ಲ. ಯಾವ ಬಗೆಯದು, ಎಷ್ಟು, ಸೇದುವುದೋ ತಿನ್ನುವುದೋ ನಾಲಿಗೆಯಡಿ ಹನಿ ಹಾಕುವುದೋ ಎಂಬುದನ್ನೆಲ್ಲ ರೋಗಿ ಕೌಂಟರಿನಲ್ಲಿ ನಿಂತ ಮಾರಾಟಗಾರರನ್ನು ಕೇಳಿಯೇ ತೀರ್ಮಾನಿಸಬೇಕು. ಅವರು ಔಷಧಶಾಸ್ತ್ರ ಓದಿರಲೇಬೇಕೆಂದಿಲ್ಲ. ಇಡೀ ವಿವಾದದ ಬೇರು ಇಲ್ಲಿದೆ: ಹೆಸರು ಮದ್ದಿನದು, ವ್ಯವಸ್ಥೆ ವ್ಯಾಪಾರದ್ದು.

ಕಡಿವಾಣ ಬೇಕು ಎನ್ನುವವರ ವಾದ

ಬಿಗಿ ನಿಯಮ ಕೇಳುವವರೆಲ್ಲ ಗಾಂಜಾದ ವಿರೋಧಿಗಳಲ್ಲ. ಅವರಲ್ಲಿ ವೈದ್ಯರಿದ್ದಾರೆ, ಸ್ವತಃ ರೋಗಿಗಳಿದ್ದಾರೆ. ಅವರು ಮುಂದಿಡುವ ಕಾರಣಗಳು ಮೂರು.

ಮೊದಲನೆಯದು, ನಿಯಮವಿಲ್ಲದಲ್ಲಿ ಅಂಗಡಿಗಳು ಅಣಬೆಯಂತೆ ಏಳುತ್ತವೆ. ಲಾಸ್ ಏಂಜಲೀಸ್ ನಗರ 2007ರಲ್ಲಿ ಹೊಸ ಅಂಗಡಿಗಳನ್ನು ತಡೆಯಲು ಆದೇಶ ಹೊರಡಿಸಿತು. ಆದೇಶದಲ್ಲಿದ್ದ ವಿನಾಯಿತಿಯ ಸಂದಿಯಲ್ಲೇ ನೂರಾರು ಅಂಗಡಿಗಳು ತೆರೆದವು. ಒಕ್ಲಹೋಮಾ 2018ರಲ್ಲಿ ರೋಗಗಳ ಪಟ್ಟಿಯನ್ನೇ ಇಡದೆ ಅನುಮತಿ ಕೊಟ್ಟಿತು. ಕೆಲವೇ ವರ್ಷಗಳಲ್ಲಿ ಸುಮಾರು 40 ಲಕ್ಷ ಜನಸಂಖ್ಯೆಯ ಆ ರಾಜ್ಯದಲ್ಲಿ ಎರಡು ಸಾವಿರಕ್ಕೂ ಹೆಚ್ಚು ಅಂಗಡಿಗಳಾದವು. 2022ರಲ್ಲಿ ಹೊಸ ಪರವಾನಗಿ ಕೊಡುವುದನ್ನೇ ನಿಲ್ಲಿಸಬೇಕಾಯಿತು. ಅಷ್ಟು ಜನರೂ ರೋಗಿಗಳೇ, ಅಥವಾ ರೋಗದ ಹೆಸರಿನಲ್ಲಿ ಅಮಲು ಹುಡುಕುವವರೇ ಎಂದು ಕೇಳಿದರೆ ತಪ್ಪೇನು?

ಎರಡನೆಯದು ಶುದ್ಧತೆ. ನೀವು ಪ್ಯಾರಾಸಿಟಮಾಲ್ 500 ಎಂದು ಕೊಂಡರೆ ಅದರಲ್ಲಿ 500 ಮಿಲಿಗ್ರಾಂ ಇರುತ್ತದೆ ಎಂಬ ಭರವಸೆ ಇದೆ. ಗಾಂಜಾ ಬೆರೆಸಿದ ಚಾಕೊಲೇಟಿಗೆ ಆ ಭರವಸೆ ಇರಲಿಲ್ಲ. ಸ್ಯಾನ್ ಫ್ರಾನ್ಸಿಸ್ಕೊ, ಲಾಸ್ ಏಂಜಲೀಸ್, ಸಿಯಾಟಲ್ ನಗರಗಳ ಡಿಸ್ಪೆನ್ಸರಿಗಳಿಂದ ತಂದ 75 ತಿನಿಸುಗಳನ್ನು ಪರೀಕ್ಷಿಸಿದ ವರದಿ 2015ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ನಿಯತಕಾಲಿಕದಲ್ಲಿ ಬಂತು. ಲೇಬಲ್ಲಿನಲ್ಲಿ ಬರೆದಷ್ಟೇ ಟಿಎಚ್‌ಸಿ ಇದ್ದದ್ದು ಶೇಕಡಾ 17ರಲ್ಲಿ ಮಾತ್ರ. ಶೇಕಡಾ 60ರಲ್ಲಿ ಬರೆದದ್ದಕ್ಕಿಂತ ಕಡಿಮೆ ಇತ್ತು, ಶೇಕಡಾ 23ರಲ್ಲಿ ಹೆಚ್ಚು. ಕಡಿಮೆಯಿದ್ದರೆ ರೋಗಿಗೆ ಹಣ ದಂಡ. ಹೆಚ್ಚಿದ್ದರೆ ಆಸ್ಪತ್ರೆ ದಾರಿ. ಗಿಡದಲ್ಲಿ ಕೀಟನಾಶಕ ಉಳಿದಿರಬಹುದು, ಬೂಸ್ಟು ಹಿಡಿದಿರಬಹುದು. ಗಟ್ಟಿಮುಟ್ಟಾದವರಿಗೆ ಬೂಸ್ಟು ಅಷ್ಟೇನೂ ಮಾಡದಿರಬಹುದು. ಕೀಮೋದಿಂದ ರೋಗನಿರೋಧಕ ಶಕ್ತಿ ಕುಸಿದವರ ಶ್ವಾಸಕೋಶಕ್ಕೆ ಅದು ಹೊಕ್ಕರೆ ಪ್ರಾಣಕ್ಕೇ ಸಂಚಕಾರ.

2019ರಲ್ಲಿ ನಡೆದದ್ದು ಇದಕ್ಕೆ ಇನ್ನೊಂದು ಎಚ್ಚರಿಕೆ. ಅಮೆರಿಕದಾದ್ಯಂತ ಯುವಕರು ಉಸಿರಾಟದ ತೊಂದರೆಯಿಂದ ಆಸ್ಪತ್ರೆ ಸೇರತೊಡಗಿದರು. 2020ರ ಫೆಬ್ರವರಿಯ ಹೊತ್ತಿಗೆ 2,807 ಪ್ರಕರಣಗಳು ದಾಖಲಾಗಿದ್ದು, 68 ಮಂದಿ ತೀರಿಕೊಂಡಿದ್ದರು. ಬಹುಪಾಲು ಕಾರಣ, ಪರವಾನಗಿಯಿಲ್ಲದವರಿಂದ ಕೊಂಡ ಟಿಎಚ್‌ಸಿ ವೇಪಿನ ಎಣ್ಣೆ. ಅದನ್ನು ದಪ್ಪಗಾಗಿಸಲು ವಿಟಮಿನ್ ಇ ಅಸಿಟೇಟ್ ಬೆರೆಸಿದ್ದರು.

ಮೂರನೆಯದು ಮಕ್ಕಳ ಸುರಕ್ಷೆ. ಶಾಲೆಯ ಪಕ್ಕದಲ್ಲೇ ಅಂಗಡಿ, ಮಿಠಾಯಿಯಂತೆ ಕಾಣುವ ಪೊಟ್ಟಣ, ಕಾರ್ಟೂನ್ ಚಿತ್ರ. ಮನೆಯ ಫ್ರಿಜ್ಜಿನಲ್ಲಿಟ್ಟ 'ಗಮ್ಮಿ'ಯನ್ನು ಮಗು ಮಿಠಾಯಿ ಎಂದು ತಿಂದು ಎಚ್ಚರತಪ್ಪಿದ ಘಟನೆಗಳು ಅಲ್ಲಿ ಮತ್ತೆ ಮತ್ತೆ ವರದಿಯಾಗುತ್ತವೆ. ಕೊಲೊರಾಡೊ ಒಂದು ತುಂಡಿಗೆ 10 ಮಿಲಿಗ್ರಾಂ, ಒಂದು ಪೊಟ್ಟಣಕ್ಕೆ 100 ಮಿಲಿಗ್ರಾಂ ಟಿಎಚ್‌ಸಿ ಎಂಬ ಮಿತಿ ಹಾಕಿದ್ದು, ಮಕ್ಕಳು ಬಿಚ್ಚಲಾಗದ ಪೊಟ್ಟಣ ಬೇಕೆಂದದ್ದು ಇಂಥ ಅನುಭವದಿಂದ.

ಕಡಿವಾಣವೇ ಕುಣಿಕೆಯಾದರೆ?

ಇನ್ನೊಂದು ಕಡೆಯಿಂದ ರೋಗಿಗಳು ಹೇಳುವುದನ್ನೂ ಕೇಳಬೇಕು. ನ್ಯೂಯಾರ್ಕ್ 2014ರಲ್ಲಿ ಕಾನೂನು ಮಾಡಿ 2016ರ ಜನವರಿಯಲ್ಲಿ ವಿತರಣೆ ಆರಂಭಿಸಿತು. ಐದು ಸಂಸ್ಥೆಗಳಿಗೆ ಮಾತ್ರ ಪರವಾನಗಿ, ಒಂದೊಂದಕ್ಕೆ ಹೆಚ್ಚೆಂದರೆ ನಾಲ್ಕು ಅಂಗಡಿ. ಅಂದರೆ ಸುಮಾರು ಎರಡು ಕೋಟಿ ಜನರಿಗೆ ಇಪ್ಪತ್ತು ಅಂಗಡಿ! ಶಿಫಾರಸು ಮಾಡುವ ವೈದ್ಯರು ತರಬೇತಿ ಪಡೆದು ಹೆಸರು ನೋಂದಾಯಿಸಬೇಕಿತ್ತು. ರೋಗಗಳ ಪಟ್ಟಿ ಚಿಕ್ಕದು. ದೀರ್ಘಕಾಲದ ನೋವು ಆ ಪಟ್ಟಿಗೆ ಸೇರಿದ್ದೇ 2017ರಲ್ಲಿ. ಸೇದುವುದಕ್ಕೆ ಅವಕಾಶವಿರಲಿಲ್ಲ. ಶ್ವಾಸಕೋಶದ ದೃಷ್ಟಿಯಿಂದ ಇದು ಒಳ್ಳೆಯದೇ. ಆದರೆ ಎಣ್ಣೆ, ಮಾತ್ರೆಗಳ ಬೆಲೆ ಹೆಚ್ಚು, ವಿಮೆ ಅದನ್ನು ಭರಿಸುವುದಿಲ್ಲ. ಹಣವಿದ್ದವರಿಗೆ ಮದ್ದು, ಇಲ್ಲದವರಿಗೆ ಬೀದಿಬದಿಯ ಗಾಂಜಾ ಎಂಬಂತಾಯಿತು.

ವಾಷಿಂಗ್ಟನ್ ರಾಜ್ಯದ ಕತೆ ಇನ್ನೂ ಪಾಠದಾಯಕ. ಅಲ್ಲಿ 1998ರಿಂದ ರೋಗಿಗಳಿಗೆ ಅನುಮತಿ ಇತ್ತು. ಕ್ಯಾಲಿಫೋರ್ನಿಯಾದಂತೆ ಅಲ್ಲಿಯೂ ಅಂಗಡಿಯ ಬಗ್ಗೆ ಕಾನೂನು ಮೌನವಾಗಿತ್ತು. 2011ರಲ್ಲಿ ಶಾಸನಸಭೆ ಅಂಗಡಿಗಳಿಗೆ ಪರವಾನಗಿ ಕೊಡುವ ಮಸೂದೆ ಅಂಗೀಕರಿಸಿತು. ಆಗ ಕೇಂದ್ರದ ವಕೀಲರು, ಪರವಾನಗಿ ಕೊಡುವ ರಾಜ್ಯ ನೌಕರರ ಮೇಲೂ ಮೊಕದ್ದಮೆ ಹೂಡಬಹುದು ಎಂದು ಎಚ್ಚರಿಸಿದರು. ಗವರ್ನರ್ ಕ್ರಿಸ್ಟೀನ್ ಗ್ರೆಗೊಯಿರ್ ಮಸೂದೆಯ ಆ ಭಾಗಗಳನ್ನು ತಡೆಹಿಡಿದರು. ಉಳಿದದ್ದು, ಹತ್ತು ರೋಗಿಗಳ ವರೆಗೆ ಸೇರಿ ನಡೆಸುವ 'ಸಾಮೂಹಿಕ ತೋಟ' ಎಂಬ ಅವಕಾಶ. ಅದರ ಹೆಸರಿನಲ್ಲೇ ಅಂಗಡಿಗಳು ನಡೆದವು.

ಮರುವರ್ಷ ಅದೇ ರಾಜ್ಯ ಮೋಜಿನ ಬಳಕೆಗೂ ಗಾಂಜಾ ಮಾರಲು ಜನಮತದಿಂದ ಅನುಮತಿ ಕೊಟ್ಟಿತು. ಈಗ ಎರಡು ಮಾರುಕಟ್ಟೆ: ಒಂದು ಭಾರೀ ತೆರಿಗೆಯ ಪರವಾನಗಿ ಅಂಗಡಿ, ಇನ್ನೊಂದು ತೆರಿಗೆಯಿಲ್ಲದ ರೋಗಿಗಳ ಅಂಗಡಿ. 2015ರಲ್ಲಿ ಸರಕಾರ ಎರಡನ್ನೂ ಒಂದು ಮಾಡಿತು. 2016ರ ಜುಲೈ 1ರಿಂದ ಪರವಾನಗಿಯಿಲ್ಲದ ಡಿಸ್ಪೆನ್ಸರಿಗಳು ಮುಚ್ಚಿದವು. ಮೊದಲು 24 ಔನ್ಸ್ ಮತ್ತು 15 ಗಿಡ ಇಟ್ಟುಕೊಳ್ಳಬಹುದಾಗಿದ್ದ ರೋಗಿಗೆ, ಸರಕಾರಿ ದಾಖಲೆಯಲ್ಲಿ ಹೆಸರು ಬರೆಸಿದರೆ 3 ಔನ್ಸ್ ಮತ್ತು ಸಾಮಾನ್ಯವಾಗಿ 6 ಗಿಡ ಎಂದಾಯಿತು. ಹೆಸರು ಬರೆಸದಿದ್ದರೆ ಇನ್ನೂ ಕಡಿಮೆ. ಒಂದು ಔನ್ಸ್ ಎಂದರೆ ಸುಮಾರು 28 ಗ್ರಾಂ. ಶೇಕಡಾ 37ರ ವಿಶೇಷ ತೆರಿಗೆಯನ್ನು ರೋಗಿಗಳೂ ಕೊಡಬೇಕಾಯಿತು. ಅದರಲ್ಲಿ ಅವರಿಗೆ ವಿನಾಯಿತಿ ಸಿಕ್ಕಿದ್ದು 2024ರಲ್ಲಿ.

ಸರಕಾರ ಹೇಳಿದ್ದು: ಈಗ ಎಲ್ಲ ಸರಕೂ ಪ್ರಯೋಗಾಲಯದ ಪರೀಕ್ಷೆ ದಾಟಿ ಬರುತ್ತದೆ, ಅಂಗಡಿಯಲ್ಲಿ ತರಬೇತಾದ ಸಲಹೆಗಾರರಿರುತ್ತಾರೆ. ರೋಗಿಗಳು ಹೇಳಿದ್ದು: ಮೋಜಿಗೆ ಕೊಳ್ಳುವವರ ಸಾಲಿನಲ್ಲಿ ನಮ್ಮನ್ನು ನಿಲ್ಲಿಸಿದಿರಿ, ಸಿಬಿಡಿ ಹೆಚ್ಚಿರುವ, ಅಮಲಿಲ್ಲದ ಬಗೆಗಳು ನಮಗೆ ಬೇಕು, ಅಂಗಡಿಯವರಿಗೆ ಅಮಲಿನ ಸರಕು ಮಾರಿದರೇ ಲಾಭ. ಎರಡೂ ಮಾತಿನಲ್ಲಿ ನಿಜವಿದೆ.

ಕಾರ್ಡ್ ಇದ್ದರೂ ನೆಮ್ಮದಿ ಇಲ್ಲ

ರೋಗಿಯ ಗುರುತಿನ ಚೀಟಿ ಬಗ್ಗೆಯೂ ದೊಡ್ಡ ಜಗಳವಾಯಿತು. ಕ್ಯಾಲಿಫೋರ್ನಿಯಾ 2003ರಲ್ಲಿ ಇಚ್ಛೆಯಿದ್ದವರಿಗೆ ಕಾರ್ಡ್ ಕೊಡುವ ಕಾನೂನು ಮಾಡಿತು. ಪೊಲೀಸರು ತಡೆದರೆ ಕಾರ್ಡ್ ತೋರಿಸಿ ಪಾರಾಗಬಹುದು, ಇದು ಒಳ್ಳೆಯದು. ಆದರೆ ಕೇಂದ್ರ ಕಾನೂನಿನ ಪ್ರಕಾರ ಅದೇ ಕಾರ್ಡ್ ಅಪರಾಧದ ಸಾಕ್ಷಿ! ನನ್ನ ಹೆಸರಿರುವ ಪಟ್ಟಿ ನಾಳೆ ಯಾರ ಕೈಗೆ ಸಿಗುತ್ತದೋ ಎಂಬ ಅಂಜಿಕೆ ರೋಗಿಗಳಿಗಿತ್ತು. ಸ್ಯಾನ್ ಡಿಯಾಗೊ ಕೌಂಟಿಯಂತೂ ಕಾರ್ಡ್ ಕೊಡುವುದಿಲ್ಲ ಎಂದು ಕೋರ್ಟಿಗೇ ಹೋಯಿತು, ಸೋತಿತು.

ಈ ಅಂಜಿಕೆ ಸುಮ್ಮನೆ ಹುಟ್ಟಿದ್ದಲ್ಲ. ಕ್ಯಾಲಿಫೋರ್ನಿಯಾದ ಇಬ್ಬರು ರೋಗಿ ಮಹಿಳೆಯರು ಹೂಡಿದ ಮೊಕದ್ದಮೆಯಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ 2005ರಲ್ಲಿ, ರಾಜ್ಯ ಒಪ್ಪಿದರೂ ಕೇಂದ್ರ ನಿಷೇಧಿಸಬಹುದು ಎಂದು 6-3ರ ತೀರ್ಪು ಕೊಟ್ಟಿತು. 2014ರ ಡಿಸೆಂಬರಿನಲ್ಲಿ ಸಂಸತ್ತು, ರಾಜ್ಯಗಳ ವೈದ್ಯಕೀಯ ಗಾಂಜಾ ಕಾರ್ಯಕ್ರಮ ತಡೆಯಲು ನ್ಯಾಯ ಇಲಾಖೆ ಹಣ ಬಳಸುವಂತಿಲ್ಲ ಎಂದು ಬಜೆಟಿನಲ್ಲಿ ಒಂದು ಷರತ್ತು ಸೇರಿಸಿತು. ಆದರೆ ಆ ರಕ್ಷಣೆಯನ್ನು ಆಗಾಗ ಬಜೆಟಿನ ಜೊತೆಗೇ ನವೀಕರಿಸಬೇಕು. ಉದ್ಯೋಗದಲ್ಲೂ ಅದೇ ಪಾಡು. ಕೊಲೊರಾಡೊದಲ್ಲಿ ಕೈಕಾಲು ಸ್ವಾಧೀನವಿಲ್ಲದ ಒಬ್ಬ ನೌಕರರು ಮನೆಯಲ್ಲಿ, ಕೆಲಸದ ಸಮಯದ ಹೊರಗೆ, ವೈದ್ಯರ ಶಿಫಾರಸಿನಂತೆ ಗಾಂಜಾ ಬಳಸುತ್ತಿದ್ದರು. ಮಾದಕವಸ್ತು ಪರೀಕ್ಷೆಯಲ್ಲಿ ಸಿಕ್ಕಿಬಿದ್ದು ಕೆಲಸ ಕಳೆದುಕೊಂಡರು. 2015ರಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಕಂಪೆನಿಯ ಕ್ರಮ ಸರಿ ಎಂದಿತು. ಕಾರಣ ಮತ್ತದೇ, ಕೇಂದ್ರದಲ್ಲಿ ಅದು ಇನ್ನೂ ಅಪರಾಧ.

ಹಾಗಾದರೆ ಗಾಂಜಾ ಮದ್ದು ಹೌದೋ ಅಲ್ಲವೋ?

ಈ ಪ್ರಶ್ನೆಗೆ ಒಂದೇ ಪದದ ಉತ್ತರವಿಲ್ಲ. ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಗಳು ಸಾವಿರಾರು ಅಧ್ಯಯನಗಳನ್ನು ಪರಿಶೀಲಿಸಿ 2017ರಲ್ಲಿ ವರದಿ ಕೊಟ್ಟವು. ಮೂರು ವಿಷಯಗಳಲ್ಲಿ ಗಟ್ಟಿ ಪುರಾವೆ ಕಂಡಿತು: ವಯಸ್ಕರ ದೀರ್ಘಕಾಲದ ನೋವು, ಕೀಮೋದಿಂದ ಬರುವ ವಾಕರಿಕೆ ಮತ್ತು ವಾಂತಿ, ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರರೋಗದ ಸ್ನಾಯು ಸೆಡೆತ. ಮೂರೂ ತೊಂದರೆಯ ಉಪಶಮನವೇ ಹೊರತು ರೋಗ ವಾಸಿಯಾಗುವುದಲ್ಲ ಎಂಬುದನ್ನು ಗಮನಿಸಿ. ಕ್ಯಾನ್ಸರ್ ಗಡ್ಡೆಯನ್ನೇ ಗುಣಪಡಿಸುತ್ತದೆ ಎನ್ನಲು ಸಾಕಷ್ಟು ಪುರಾವೆ ಇಲ್ಲ ಎಂದೇ ಆ ವರದಿ ಹೇಳಿತು.

ಅದೇ ವರದಿ ಹಾನಿಯನ್ನೂ ಪಟ್ಟಿಮಾಡಿತು. ಗಾಂಜಾ ಬಳಕೆಗೂ ಸ್ಕಿಜೋಫ್ರೇನಿಯಾದಂಥ ಮನೋರೋಗಕ್ಕೂ ನಂಟಿದೆ, ಹೆಚ್ಚು ಬಳಸಿದಷ್ಟೂ ಅಪಾಯ ಹೆಚ್ಚು. ವಾಹನ ಅಪಘಾತ ಹೆಚ್ಚುತ್ತದೆ. ಗರ್ಭಿಣಿ ಸೇದಿದರೆ ಮಗುವಿನ ತೂಕ ಕಡಿಮೆಯಾಗುತ್ತದೆ. ಹದಿಹರೆಯದಲ್ಲಿ ಶುರುಮಾಡಿದವರಿಗೆ ಚಟವಾಗುವ ಅಪಾಯ ಜಾಸ್ತಿ. ತಿನಿಸಿನ ರೂಪದಲ್ಲಿ ತೆಗೆದುಕೊಂಡರೆ ಪರಿಣಾಮ ತೋರಲು ಅರ್ಧ ಗಂಟೆಯಿಂದ ಎರಡು ಗಂಟೆ ಹಿಡಿಯುತ್ತದೆ. 'ಏನೂ ಆಗಲಿಲ್ಲ' ಎಂದು ಇನ್ನೊಂದು ತುಂಡು ತಿಂದವರು ಆಸ್ಪತ್ರೆ ಸೇರುವುದು ಹೀಗೆ.

ಇವೆರಡರ ನಡುವೆ ಮೂರನೆಯ ದಾರಿಯೊಂದಿದೆ: ಗಿಡದ ಸಾರವನ್ನು ಬೇರ್ಪಡಿಸಿ, ರೋಗಿಗಳ ಮೇಲೆ ಕ್ರಮಬದ್ಧವಾಗಿ ಪರೀಕ್ಷಿಸಿ, ಪ್ರಮಾಣ ನಿಗದಿಪಡಿಸಿದ ಮದ್ದು. ಟಿಎಚ್‌ಸಿಯನ್ನೇ ಕೃತಕವಾಗಿ ತಯಾರಿಸಿದ ಡ್ರೊನಾಬಿನಾಲ್ ಮಾತ್ರೆಗೆ ಅಮೆರಿಕ 1985ರಲ್ಲೇ ಕೀಮೋ ವಾಂತಿಗಾಗಿ ಅನುಮತಿ ಕೊಟ್ಟಿತ್ತು. ಡ್ರಾವೆ ಸಿಂಡ್ರೋಮ್‌ನಂಥ ಕಠಿಣ ಫಿಟ್ಸ್ ಇರುವ ಮಕ್ಕಳ ತಂದೆತಾಯಂದಿರು ಸಿಬಿಡಿ ಎಣ್ಣೆಗಾಗಿ ಮನೆಮಾರು ಬಿಟ್ಟು ಕೊಲೊರಾಡೊಗೆ ವಲಸೆ ಹೋದದ್ದುಂಟು. ಆಮೇಲೆ ಶುದ್ಧ ಸಿಬಿಡಿಯ 'ಎಪಿಡಿಯೊಲೆಕ್ಸ್' ಎಂಬ ದ್ರವೌಷಧ ಪರೀಕ್ಷೆಗಳನ್ನು ದಾಟಿ 2018ರ ಜೂನಿನಲ್ಲಿ ಅನುಮತಿ ಪಡೆಯಿತು. ಅದನ್ನು ವೈದ್ಯರು ಚೀಟಿಯಲ್ಲೇ ಬರೆಯುತ್ತಾರೆ, ಫಾರ್ಮಸಿಯಲ್ಲೇ ಸಿಗುತ್ತದೆ, ಆರಂಭಕ್ಕೆ ಮುನ್ನ ಯಕೃತ್ತಿನ ರಕ್ತಪರೀಕ್ಷೆ ಮಾಡುತ್ತಾರೆ. ಅಂಗಡಿಯ ಜಗಳಕ್ಕೆ ಔಷಧವಿಜ್ಞಾನ ಕೊಡುವ ಉತ್ತರ ಇದು. ತಡವಾದ, ದುಬಾರಿಯಾದ ಉತ್ತರ, ಆದರೆ ನಂಬಬಹುದಾದದ್ದು. ಈ ನಡುವೆ ಗಾಂಜಾವನ್ನು ಒಂದನೇ ಪಟ್ಟಿಯಿಂದ ಮೂರನೇ ಪಟ್ಟಿಗೆ ಇಳಿಸುವ ಪ್ರಸ್ತಾವವನ್ನು ಅಮೆರಿಕದ ನ್ಯಾಯ ಇಲಾಖೆ 2024ರ ಮೇಯಲ್ಲಿ ಮುಂದಿಟ್ಟಿತು.

ನಮ್ಮ ದೇಶದಲ್ಲಿ ಕಾನೂನು ಏನು?

1985ರ ಎನ್‌ಡಿಪಿಎಸ್ ಕಾಯ್ದೆಯ ಪ್ರಕಾರ ಗಾಂಜಾ, ಚರಸ್ ಎರಡೂ ನಿಷಿದ್ಧ. ಹೂವಿನ ತುದಿ ಸೇರದ ಎಲೆ ಮತ್ತು ಬೀಜ ಮಾತ್ರ ಗಾಂಜಾದ ವ್ಯಾಖ್ಯೆಯಿಂದ ಹೊರಗಿವೆ. ಅದಕ್ಕಾಗಿಯೇ ಭಂಗಿಯ ವಿಷಯ ರಾಜ್ಯಗಳ ಅಬಕಾರಿ ಕಾನೂನಿಗೆ ಬರುತ್ತದೆ. ಕರ್ನಾಟಕ ಹೈಕೋರ್ಟ್ ಕೂಡ 2022ರಲ್ಲಿ ಒಂದು ಜಾಮೀನು ಅರ್ಜಿಯಲ್ಲಿ ಈ ಅಂತರವನ್ನು ಎತ್ತಿ ಹೇಳಿತು. ಕಾಯ್ದೆಗೆ ಬರುವುದಿಲ್ಲವೆಂದರೆ ಆರೋಗ್ಯಕ್ಕೆ ಹಿತ ಎಂದರ್ಥವಲ್ಲ. ಭಂಗಿಯಲ್ಲೂ ಟಿಎಚ್‌ಸಿ ಇದೆ. ಒಂದು ಕಿಲೋ ವರೆಗಿನ ಗಾಂಜಾವನ್ನು ಕಾನೂನು 'ಸಣ್ಣ ಪ್ರಮಾಣ' ಎನ್ನುತ್ತದೆ, ಅದಕ್ಕೂ ಒಂದು ವರ್ಷದ ತನಕ ಜೈಲು ಆಗಬಹುದು. 20 ಕಿಲೋಗಿಂತ ಹೆಚ್ಚಿದ್ದರೆ 'ವಾಣಿಜ್ಯ ಪ್ರಮಾಣ': ಕನಿಷ್ಠ ಹತ್ತು ವರ್ಷ. ವೈದ್ಯಕೀಯ ಬಳಕೆಗೆ ನಿಯಮ ರೂಪಿಸುವ ಅಧಿಕಾರ ರಾಜ್ಯಗಳಿಗೆ ಅದೇ ಕಾಯ್ದೆಯಲ್ಲಿದೆ. ಆದರೆ ಅಮೆರಿಕದಂಥ ರೋಗಿ ಕಾರ್ಡ್ ಆಗಲಿ, ಡಿಸ್ಪೆನ್ಸರಿಯಾಗಲಿ ನಮ್ಮಲ್ಲಿಲ್ಲ.

ಆಯುರ್ವೇದದಲ್ಲಿ ಈ ಗಿಡಕ್ಕೆ 'ವಿಜಯಾ' ಎಂಬ ಹೆಸರಿದೆ. ಔಷಧ ನಿಯಮಾವಳಿಯ ವಿಷಕಾರಿ ವಸ್ತುಗಳ ಪಟ್ಟಿಯಲ್ಲಿ ಭಂಗಿಯನ್ನು ಸೇರಿಸಿದ್ದಾರೆ. ಅದಿರುವ ಮದ್ದನ್ನು ವೈದ್ಯರ ನಿಗಾದಲ್ಲೇ ತೆಗೆದುಕೊಳ್ಳಬೇಕೆಂದು ಲೇಬಲ್ಲಿನಲ್ಲಿ ಎಚ್ಚರಿಕೆ ಇರಬೇಕು. ಬೀಜ, ಬೀಜದೆಣ್ಣೆ ಮತ್ತು ಬೀಜದ ಹಿಟ್ಟನ್ನು ಆಹಾರವಾಗಿ ಮಾರಲು 2021ರಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ ಅನುಮತಿ ಕೊಟ್ಟಿದೆ. ಅಂಗಡಿಯಲ್ಲಿ ಕಾಣುವ 'ಹೆಂಪ್ ಸೀಡ್ ಆಯಿಲ್' ಅಡುಗೆಯೆಣ್ಣೆಯ ಜಾತಿಗೆ ಸೇರಿದ್ದು. ಅದನ್ನೇ ಕ್ಯಾನ್ಸರ್ ಮದ್ದೆಂದು ಮಾರುವವರೂ ಇದ್ದಾರೆ, ಎಚ್ಚರ.

ಮಾರ್ಫಿನ್ ಕಲಿಸಿದ ಪಾಠ

ರೋಗಿಯ ನೋವು ಮತ್ತು ಸರಕಾರದ ಕಡಿವಾಣದ ನಡುವಿನ ಜಗಳವನ್ನು ನಮ್ಮ ದೇಶ ಬೇರೊಂದು ಮದ್ದಿನಲ್ಲಿ ಕಂಡಿದೆ. ಅದು ಮಾರ್ಫಿನ್. ಕ್ಯಾನ್ಸರಿನ ಕಠಿಣ ನೋವಿಗೆ ಜಗತ್ತಿನಾದ್ಯಂತ ಒಪ್ಪಿದ, ಅಗ್ಗದ ಮದ್ದು. ಅದಕ್ಕೆ ಬೇಕಾದ ಅಫೀಮನ್ನು ನಮ್ಮ ದೇಶದಲ್ಲೇ ಕಾನೂನುಬದ್ಧವಾಗಿ ಬೆಳೆಯುತ್ತಾರೆ. ಆದರೂ 1985ರ ಕಾಯ್ದೆ ಬಂದ ಮೇಲೆ ಆಸ್ಪತ್ರೆಗಳು ಹಲವು ಪರವಾನಗಿಗಳ ತಾಪತ್ರಯಕ್ಕೂ ಶಿಕ್ಷೆಗೂ ಹೆದರಿ ಅದನ್ನು ಇಡುವುದನ್ನೇ ಬಿಟ್ಟವು. ಲಕ್ಷಾಂತರ ರೋಗಿಗಳು ನರಳುತ್ತಲೇ ಕಣ್ಣುಮುಚ್ಚಿದರು. ಕೇರಳದ ಡಾ. ಎಂ.ಆರ್. ರಾಜಗೋಪಾಲ್ ಮುಂತಾದವರ ವರ್ಷಾನುಗಟ್ಟಲೆಯ ಹೋರಾಟದ ಬಳಿಕ 2014ರಲ್ಲಿ ಕಾಯ್ದೆಗೆ ತಿದ್ದುಪಡಿ ಬಂತು. ಮಾರ್ಫಿನ್ ಸೇರಿ ಕೆಲವು ಮದ್ದುಗಳನ್ನು 'ಅವಶ್ಯಕ ಮಾದಕ ಔಷಧ' ಎಂದು ಗುರುತಿಸಿ, ಮಾನ್ಯತೆ ಪಡೆದ ಆಸ್ಪತ್ರೆಗಳಿಗೆ ಒಂದೇ ಅನುಮತಿ ಸಾಕೆಂದು ಮಾಡಿದರು.

ಇದರಲ್ಲೇ ನಮಗೆ ಬೇಕಾದ ತಿಳಿವಳಿಕೆ ಇದೆ. ಕಡಿವಾಣವೇ ಇಲ್ಲದಿದ್ದರೆ ಮದ್ದಿನ ಹೆಸರಿನಲ್ಲಿ ಅಮಲು ಮಾರುತ್ತಾರೆ. ಕಡಿವಾಣ ಅತಿಯಾದರೆ ನಿಜವಾದ ರೋಗಿ ನರಳುತ್ತಾನೆ. ಒಳ್ಳೆಯ ನಿಯಮ ಮದ್ದಿನ ಮೇಲೆ ಕಣ್ಣಿಡುತ್ತದೆ, ರೋಗಿಯನ್ನು ಕಳ್ಳನಂತೆ ಕಾಣುವುದಿಲ್ಲ.

ನೀವು ಮಾಡಬೇಕಾದದ್ದು

ಮನೆಯಲ್ಲಿ ಕ್ಯಾನ್ಸರ್ ರೋಗಿ ನೋವಿನಿಂದ ನರಳುತ್ತಿದ್ದರೆ ಎಣ್ಣೆಯ ಬಾಟಲಿ ಹುಡುಕಬೇಡಿ. ಆಸ್ಪತ್ರೆಯಲ್ಲಿ 'ಪ್ಯಾಲಿಯೇಟಿವ್ ಕೇರ್ ವಿಭಾಗ ಇದೆಯೇ, ಬಾಯಿಯಲ್ಲಿ ಕೊಡುವ ಮಾರ್ಫಿನ್ ಸಿಗುತ್ತದೆಯೇ' ಎಂದು ನೇರವಾಗಿ ಕೇಳಿ. ಮಾರ್ಫಿನ್ ಕೊಟ್ಟರೆ ಕೊನೆಗಾಲ ಬಂತೆಂದೋ ಚಟ ಹತ್ತುತ್ತದೆಂದೋ ಹೆದರಿ ನಿರಾಕರಿಸಬೇಡಿ; ವೈದ್ಯರ ನಿಗಾದಲ್ಲಿ ಅದು ಸುರಕ್ಷಿತ. ಕೀಮೋ ವಾಂತಿಗೂ ಈಗ ಅಮಲಿಲ್ಲದ ಪರಿಣಾಮಕಾರಿ ಮಾತ್ರೆಗಳಿವೆ. ವಾಂತಿ ನಿಲ್ಲದಿದ್ದರೆ ಸಹಿಸಿಕೊಂಡು ಕೂರದೆ ವೈದ್ಯರಿಗೆ ತಿಳಿಸಿ, ಮದ್ದು ಬದಲಿಸುತ್ತಾರೆ.

ಫಿಟ್ಸ್ ಇರುವ ಮಗುವಿಗೆ ಯಾವ ಕಾರಣಕ್ಕೂ ಮದ್ದು ನಿಲ್ಲಿಸಿ ಸಿಬಿಡಿ ಎಣ್ಣೆ ಕೊಡಬೇಡಿ. ಸಿಬಿಡಿ ಇತರ ಫಿಟ್ಸ್ ಮಾತ್ರೆಗಳ ಪ್ರಮಾಣವನ್ನು ರಕ್ತದಲ್ಲಿ ಏರುಪೇರು ಮಾಡುತ್ತದೆ, ವಾಲ್‌ಪ್ರೋಯೇಟ್ ಜೊತೆ ಸೇರಿದರೆ ಯಕೃತ್ತಿಗೆ ಪೆಟ್ಟಾಗಬಹುದು. ರಕ್ತ ತೆಳುವಾಗಿಸುವ ವಾರ್‌ಫರಿನ್ ತೆಗೆದುಕೊಳ್ಳುವ ಹಿರಿಯರಿಗೂ ಇದು ಅಪಾಯ. ಇಂಟರ್ನೆಟ್ಟಿನಲ್ಲಿ ಮಾರುವ 84 ಸಿಬಿಡಿ ಉತ್ಪನ್ನಗಳನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಲೇಬಲ್ ಸರಿಯಿದ್ದದ್ದು ಮೂರರಲ್ಲೊಂದಕ್ಕೂ ಕಡಿಮೆ. 18ರಲ್ಲಿ ಟಿಎಚ್‌ಸಿ ಸಿಕ್ಕಿತ್ತು.

ಗಲ್ಫಿನಲ್ಲಿ ದುಡಿಯುವ ಮಕ್ಕಳು, ಸಹೋದರರು ಇರುವವರಿಗೆ ಇನ್ನೊಂದು ಮಾತು. ಅಮೆರಿಕದಲ್ಲೋ ಯುರೋಪಿನಲ್ಲೋ ಅಂಗಡಿಯಲ್ಲೇ ಸಿಗುವ ಎಣ್ಣೆ, ಗಮ್ಮಿಗಳನ್ನು ಗಲ್ಫ್ ದೇಶಗಳಿಗಾಗಲಿ ಊರಿಗಾಗಲಿ ಒಯ್ಯಬಾರದು, ಬೇರೆಯವರ ಪೊಟ್ಟಣವನ್ನೂ ಹಿಡಿದುಕೊಳ್ಳಬಾರದು. ಅಲ್ಲಿ ಕೊಟ್ಟ ಶಿಫಾರಸು ಪತ್ರ ಇಲ್ಲಿನ ವಿಮಾನ ನಿಲ್ದಾಣದಲ್ಲಿ ಕೆಲಸಕ್ಕೆ ಬಾರದು. ಬಲವಾದ ನೋವಿನ ಮಾತ್ರೆಗಳನ್ನೂ ವೈದ್ಯರ ಚೀಟಿ ಮತ್ತು ಆಯಾ ದೇಶದ ಮುಂಗಡ ಅನುಮತಿಯಿಲ್ಲದೆ ಒಯ್ಯಬಾರದು.

ಅಮಲಿನ ಅಂಶವಿರುವ ಮದ್ದು ಸೇವಿಸಬಹುದೇ ಎಂಬ ಧಾರ್ಮಿಕ ಪ್ರಶ್ನೆ ಹಲವರಿಗೆ ಬರುವುದು ಸಹಜ. ಅದಕ್ಕೆ ಉತ್ತರಿಸಬೇಕಾದವರು ಉಲೆಮಾಗಳು, ಆರೋಗ್ಯದ ಪುಟವಲ್ಲ. ಆದರೆ ಅವರ ಬಳಿ ಹೋಗುವಾಗ ಸರಿಯಾದ ಮಾಹಿತಿ ಒಯ್ಯಿರಿ: ಮದ್ದಿನ ಹೆಸರೇನು, ಅದರಲ್ಲಿ ಅಮಲಿನ ಅಂಶ ಇದೆಯೇ, ಬದಲಿ ಮದ್ದು ಉಂಟೇ, ತಜ್ಞ ವೈದ್ಯರು ಏನೆಂದರು. ವಾಟ್ಸ್ಆ್ಯಪ್ ಸಂದೇಶ ತೋರಿಸಿ ಉತ್ತರ ಕೇಳಿದರೆ ಅವರಿಗೂ ಕಷ್ಟ, ನಿಮಗೂ ನಷ್ಟ.

ಮುಂದಿನ ಸಲ ಆ ಸಂದೇಶ ಬಂದಾಗ ಮೂರು ಪ್ರಶ್ನೆ ಕೇಳಿ ನೋಡಿ. ಬಾಟಲಿಯಲ್ಲಿ ಏನು ಎಷ್ಟಿದೆ ಎಂದು ಪರೀಕ್ಷಿಸಿದವರು ಯಾರು? ಪ್ರಮಾಣ ಹೇಳುವವರು ವೈದ್ಯರೋ ವ್ಯಾಪಾರಿಯೋ? ಏನಾದರೂ ಹೆಚ್ಚುಕಡಿಮೆಯಾದರೆ ಹೊಣೆ ಯಾರದು? ಇದೇ ಮೂರು ಪ್ರಶ್ನೆಗಳ ಸುತ್ತ ಅಮೆರಿಕದ ರಾಜ್ಯಗಳು ಮೂರು ದಶಕ ಜಗಳವಾಡಿವೆ. ಉತ್ತರ ಸಿಗದಿದ್ದರೆ ಆ ಬಾಟಲಿ ನಿಮ್ಮ ತಾಯಿಗೂ ಬೇಡ, ಮಗುವಿಗೂ ಬೇಡ.